17ರ ಹುಡುಗಿ, ಸ್ಕ್ಯಾನ್‌ನಲ್ಲಿ ಪಿಸಿಓಡಿ: ಯಾವ ಪರೀಕ್ಷೆ, ಯಾವಾಗ?

ಪ್ರಶ್ನೆ: ಸ್ಟಾಫ್ ನರ್ಸ್, ತಿಪಟೂರು
ಪಿಯುಸಿ ಹುಡುಗಿ, ಮೈನೆರೆದು ನಾಲ್ಕು ವರ್ಷ. ಮುಟ್ಟು 50–60 ದಿನಕ್ಕೊಮ್ಮೆ. ಗದ್ದದಲ್ಲಿ ಕೂದಲು, ಕತ್ತಿನ ಹಿಂದೆ ಕಪ್ಪು. ಸ್ಕ್ಯಾನ್ ರಿಪೋರ್ಟಿನಲ್ಲಿ ಪಿಸಿಓಡಿ (ಅಂಡಾಶಯದಲ್ಲಿ ಹಲವು ಪುಟ್ಟ ನೀರುಗುಳ್ಳೆ) ಅಂತಿದೆ. ಮನೆಯವರು ಗಡ್ಡೆ ಅಂದುಕೊಂಡು ಆಪರೇಷನ್‌ಗೆ ಹೆದರಿದ್ದಾರೆ. ತುಮಕೂರಿಗೆ ಕಳಿಸುವ ಮುಂಚೆ ಏನೇನು ನೋಡಿ ಬರೆದುಕೊಡಲಿ? ಎಲ್‌ಎಚ್–ಎಫ್‌ಎಸ್‌ಎಚ್ (ಅಂಡಾಶಯ ನಡೆಸುವ ಎರಡು ಹಾರ್ಮೋನು) ಅನುಪಾತ ಸಾಕಾ?

ಉತ್ತರ 1: ಸ್ತ್ರೀರೋಗ ವಿಭಾಗ
ಸಿಸ್ಟರ್, ಮೊದಲು ಮನೆಯವರಿಗೆ ಧೈರ್ಯ ಹೇಳಿ. ಅವು ಗಡ್ಡೆಯಲ್ಲ, ಬಲಿಯದೆ ಅರ್ಧಕ್ಕೆ ನಿಂತ, ಅಂಡಾಣು ಬೆಳೆಯುವ ಪುಟ್ಟ ಚೀಲಗಳು, 2ರಿಂದ 9 ಮಿ.ಮೀ. ಅಷ್ಟೆ. ಈ ವಯಸ್ಸಿನಲ್ಲಿ ಏನೂ ತೊಂದರೆ ಇಲ್ಲದ ಹುಡುಗಿಯರಿಗೂ ಹಾಗೇ ಕಾಣುತ್ತವೆ. ಅದಕ್ಕೇ ಮೈನೆರೆದ 8 ವರ್ಷದೊಳಗೆ ಸ್ಕ್ಯಾನ್ ನೋಡಿ ಪಿಸಿಓಎಸ್ (ಪಿಸಿಓಡಿಯ ಇನ್ನೊಂದು ಹೆಸರು) ಅನ್ನಬಾರದು. ಎಎಂಎಚ್ (ಆ ಚೀಲಗಳಿಂದ ಬರುವ ಹಾರ್ಮೋನಿನ ರಕ್ತ ಪರೀಕ್ಷೆ) ಕೂಡ ಬೇಡ. ದೊಡ್ಡವರಿಗೆ ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನ್‌ನಲ್ಲಿ ಇಂಥ ಚೀಲಗಳು, ಈ ಮೂರರಲ್ಲಿ ಎರಡು ಲಕ್ಷಣ ಸಾಕು. ಹುಡುಗಿಯರಿಗೆ ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ ಎರಡೂ ಇರಲೇಬೇಕು. ಮೈನೆರೆದು 3 ವರ್ಷ ದಾಟಿದ ಮೇಲೆ 35 ದಿನ ಮೀರಿದರೆ ಏರುಪೇರೇ, ಆದ್ದರಿಂದ ಮೊದಲನೆಯದು ಇದೆ. ಎರಡನೆಯದಕ್ಕೆ ಮೇಲ್ದುಟಿ, ಗದ್ದ, ಎದೆ, ಹೊಕ್ಕುಳ ಕೆಳಗೆ ದಪ್ಪ ಕಪ್ಪು ಕೂದಲು ಹುಡುಕಿ. ಕೆನ್ನೆಯ ನವಿರು ಲೆಕ್ಕಕ್ಕಿಲ್ಲ. ಥ್ರೆಡಿಂಗ್ ಮಾಡಿಸಿದ್ದು ಯಾವಾಗ ಅಂತ ಕೇಳಲು ಮರೆಯಬೇಡಿ, ಮುಖ ನುಣ್ಣಗಿದ್ದರೆ ಮೋಸ ಹೋಗುತ್ತೇವೆ. ಎರಡು ಮೂರು ತಿಂಗಳಲ್ಲೇ ಕೂದಲು ಹೆಚ್ಚಿ ದನಿ ಗಡುಸಾಗಿದ್ದರೆ ಕಾಯಬೇಡಿ, ಅಂಡಾಶಯದಲ್ಲಿ ಅಥವಾ ಅಡ್ರಿನಲ್‌ನಲ್ಲಿ (ಮೂತ್ರಪಿಂಡದ ಮೇಲಿನ ಗ್ರಂಥಿ) ಗಡ್ಡೆ ಇಲ್ಲವೆಂದು ಖಚಿತವಾಗಬೇಕು.

ಉತ್ತರ 2: ಲ್ಯಾಬ್
ಎಲ್‌ಎಚ್–ಎಫ್‌ಎಸ್‌ಎಚ್ ಅನುಪಾತದಿಂದ ತೀರ್ಮಾನ ಆಗಲ್ಲ. ಒಟ್ಟು ಟೆಸ್ಟೊಸ್ಟೀರಾನ್ (ಗಂಡು ಹಾರ್ಮೋನು), ಎಸ್‌ಎಚ್‌ಬಿಜಿ (ರಕ್ತದಲ್ಲಿ ಅದನ್ನು ಹಿಡಿದಿಡುವ ಪ್ರೋಟೀನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನು), 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್ (ಹುಟ್ಟಿನಿಂದ ಬಂದ ಅಡ್ರಿನಲ್ ತೊಂದರೆ ತಿಳಿಯಲು) ಬರೆದುಕೊಡಿ. ಮುಟ್ಟಾದ 2–5ನೇ ದಿನ, ಬೆಳಿಗ್ಗೆಯೇ ರಕ್ತ ಕೊಡಲಿ. ಓಡಿಬಂದ ತಕ್ಷಣ ಸೂಜಿ ಚುಚ್ಚಿದರೆ ಪ್ರೊಲ್ಯಾಕ್ಟಿನ್ ಏರಿಬಿಡುತ್ತದೆ, ಸ್ವಲ್ಪ ಕೂರಿಸಿ. ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಎಸ್‌ಎಚ್‌ಬಿಜಿ ಏರಿ ಟೆಸ್ಟೊಸ್ಟೀರಾನ್ ತಗ್ಗಿ ಕಾಣುತ್ತದೆ. ಡಾಕ್ಟರನ್ನು ಕೇಳಿ 3 ತಿಂಗಳು ನಿಲ್ಲಿಸಿಯೇ ಮಾಡಿಸಬೇಕು.

ಉತ್ತರ 3: ಪೌಷ್ಟಿಕತೆ
ಸೋಪು ಹಚ್ಚಿ ಉಜ್ಜಿದರೂ ಹೋಗದ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗಿರುವ ಆ ಕತ್ತಿನ ಕಪ್ಪು ಕೊಳೆಯಲ್ಲ, ದಯವಿಟ್ಟು ಅಮ್ಮನಿಗೆ ತಿಳಿಸಿ. ಇನ್ಸುಲಿನ್ ಹೆಚ್ಚಾಗಿರುವುದರ ಗುರುತು. ಅದೇ ಇನ್ಸುಲಿನ್ ಅಂಡಾಶಯದಿಂದ ಗಂಡು ಹಾರ್ಮೋನು ಹೆಚ್ಚು ಹೊರಡಿಸುತ್ತದೆ, ಲಿವರ್‌ನಲ್ಲಿ ಎಸ್‌ಎಚ್‌ಬಿಜಿ ತಗ್ಗಿಸುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ಶುಗರ್ ಪರೀಕ್ಷೆಯೂ ಬೇಕು. ತೂಕ ಹೆಚ್ಚಿದ್ದರೆ 5–10% ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ಮುದ್ದೆ ಬಿಡಿಸಬೇಡಿ, ಎರಡಿದ್ದರೆ ಒಂದಾಗಲಿ, ಜೊತೆಗೆ ಹುರುಳಿಕಾಳು, ಸೊಪ್ಪು ಹೆಚ್ಚಲಿ.

ಉತ್ತರ 1, ಮತ್ತೆ
ಒಂದು ಬಿಟ್ಟುಹೋಗಿತ್ತು. 90 ದಿನ ದಾಟಿಯೂ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಅಲ್ಲಿವರೆಗೂ ಬಿಡದೆ ಡಾಕ್ಟರ ಹತ್ತಿರ ಕಳಿಸಿ, ಪ್ರೊಜೆಸ್ಟರಾನ್ ಕೊಟ್ಟು ಮುಟ್ಟು ಬರಿಸುತ್ತಾರೆ.