ಕೊರಳಲ್ಲಿ ಮುಖವಾಡ, ಎಡಗೈಯಲ್ಲಿ ಕುಂಚ: ಈಕೆ ಯಾರು?

ಮೈಸೂರು_ಕುಂಚ: ಇಲ್ಲಿ ಮೈಸೂರಲ್ಲಿ ನಾವು ನಾಲ್ಕೈದು ಜನ 17ನೇ ಶತಮಾನದ ಇಟಲಿಯ ಕೆಂಪು ಚಾಕ್ ರೇಖಾಚಿತ್ರವೊಂದನ್ನು ನಕಲು ಮಾಡ್ತಿದ್ದೀವಿ. ಕೆದರಿದ ಕೂದಲಿನ ಹೆಂಗಸು, ಕೊರಳ ಸರದಲ್ಲಿ ಪುಟ್ಟ ಮುಖವಾಡ, ಎಡಗೈಯಲ್ಲಿ ಕುಂಚ. ಈಕೆ ಹೆಣ್ಣಿನ ರೂಪದಲ್ಲಿ ಬರೆದ ಚಿತ್ರಕಲೆಯೋ, ನಾಟಕದ ದೇವಿಯೋ? ಎಡಗೈಗೆ ಅರ್ಥ ಇದೆಯಾ?

ಗೆರೆಬಣ್ಣ: ಚಿತ್ರಕಲೆಯೇ. ನಮ್ಮ ಮೈಸೂರು ಶೈಲಿಯವರಿಗೆ ದೇವರ ರೂಪ ವರ್ಣಿಸುವ ಧ್ಯಾನಶ್ಲೋಕ ಹೇಗೋ, ಅವರಿಗೆ ಚೆಸಾರೆ ರಿಪಾನ ‘ಇಕೊನೊಲೊಜಿಯಾ’ ಅನ್ನೋ ಸಂಕೇತಗಳ ಕೈಪಿಡಿ ಹಾಗೆ. ಮೊದಲು ಅಚ್ಚಾದದ್ದು 1593ರಲ್ಲಿ, ಚಿತ್ರಗಳು ಸೇರಿದ್ದು 1603ರಲ್ಲಿ. ಅದರ ಪ್ರಕಾರ ಚಿತ್ರಕಲೆ ಅಂದರೆ ಕಪ್ಪು ಕೆದರುಗೂದಲಿನ ಸುಂದರಿ, ಕಮಾನು ಹುಬ್ಬು, ಬಾಯಿಗೆ ಕಟ್ಟಿದ ಬಟ್ಟೆ, ಚಿನ್ನದ ಸರದಲ್ಲಿ ಮುಖವಾಡ, ನಮ್ಮ ಡಬಲ್ ಶೇಡ್ ರೇಷ್ಮೆಯ ಹಾಗೆ ಬೆಳಕಿಗೆ ಬಣ್ಣ ಬದಲಿಸುವ ಉಡುಪು. ಮುಖವಾಡ ಅನುಕರಣೆಯ ಗುರುತು. ಬಾಯಿಬಟ್ಟೆ ಬಂದದ್ದು ಚಿತ್ರವೆಂದರೆ ಮೂಕಕಾವ್ಯ ಅನ್ನುವ ಹಳೇ ಗ್ರೀಕ್ ಮಾತಿನಿಂದ. ಅದು ಕಾಣದಿದ್ದರೆ ಗಾಬರಿ ಬೇಡ, ಅದೇ ಕಾಲದ ಇಟಲಿಯ ಕಲಾವಿದೆ ಆರ್ಟೆಮಿಸಿಯಾ ಜೆಂಟಿಲೆಸ್ಕಿ ತನ್ನನ್ನೇ ಚಿತ್ರಕಲೆಯಾಗಿ ಬರೆದುಕೊಂಡಾಗ ಸರ, ಮುಖವಾಡ ಉಳಿಸಿಕೊಂಡು ಬಾಯಿಬಟ್ಟೆಯನ್ನು ಬಿಟ್ಟೇಬಿಟ್ಟಳು. ನನ್ನ ಮಟ್ಟಿಗೆ ಅದೇ ಆ ಚಿತ್ರದ ಜೀವ. ಹಾಸ್ಯನಾಟಕದ ಗ್ರೀಕ್ ದೇವಿ ಥಾಲಿಯಾ ಆಗಿದ್ದರೆ ಮುಖವಾಡ ಸಾಮಾನ್ಯವಾಗಿ ಕೈಯಲ್ಲೇ ಇರುತ್ತೆ, ನಿಜವಾದ ಅಳತೆಯಲ್ಲಿ.

ಕಾಗದಪ್ರೇಮಿ: ಎಡಗೈಗೆ ಅರ್ಥ ಹುಡುಕೋ ಮುಂಚೆ ನೆರಳಿನ ಗೆರೆಗಳನ್ನು ನೋಡಿ. ಬಲಗೈ ಕಲಾವಿದರ ಗೆರೆ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ವಾಲುತ್ತೆ. ನಿಮ್ಮದರಲ್ಲಿ ಉಲ್ಟಾ ವಾಲಿದ್ದು, ಗೆರೆ ಮಂಕಾಗಿ, ಒತ್ತಿ ಕೂರಿಸಿದಂತೆ ಚಪ್ಪಟೆಯಾಗಿದ್ದರೆ ಅದು ಪ್ರತಿಮುದ್ರೆ. ಚಿತ್ರದ ಮೇಲೆ ಒದ್ದೆ ಕಾಗದ ಹಾಸಿ ಒತ್ತಿದರೆ ಚಾಕ್‌ನ ಪುಡಿ ಕನ್ನಡಿಬಿಂಬವಾಗಿ ಇಳಿಯುತ್ತೆ, ಬಲಗೈ ಎಡಗೈ ಆಗುತ್ತೆ. ಗೆರೆ ಗಟ್ಟಿಯಾಗಿದ್ದು ವಾಲಿಕೆ ಸರಿಯಿದ್ದರೆ ತಾಮ್ರಪಟ ಕೊರೆಯುವವನಿಗೆಂದು ಬೇಕಂತಲೇ ತಿರುಗಿಸಿ ಬರೆದದ್ದಿರಬಹುದು. ಅಚ್ಚಿನಲ್ಲಿ ಅದು ನೆಟ್ಟಗಾಗುತ್ತೆ.

ಮೈಸೂರು_ಕುಂಚ: ವಾಲಿಕೆ ಉಲ್ಟಾನೇ, ಗೆರೆಯೂ ಮಂಕು. ಥ್ಯಾಂಕ್ಸ್ ಸರ್. ನಮ್ಮ ನಕಲಲ್ಲಿ ಮುಖವಾಡ ಮಾತ್ರ ಪ್ರತಿ ಸಲ ಕಲೆಸಿಹೋಗ್ತಿದೆ.

ಗೆರೆಬಣ್ಣ: ರಬ್ಬರ್ ಹಾಕ್ತಿದ್ದೀರಿ ಅನ್ಸುತ್ತೆ. ಕೆಂಪು ಚಾಕ್ ಅಳಿಸಿದಷ್ಟೂ ಕಾಗದದ ನಾರಿಗೆ ಇಳಿಯುತ್ತೆ. ಮೇಣ ಬೆರೆತ ಕೆಂಪು ಪೆನ್ಸಿಲ್ ಬೇಡ, ಜಾರುತ್ತೆ. ಸ್ವಲ್ಪ ತರಿಯಿರುವ 120ರಿಂದ 160 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾಗದ ತಗೊಳ್ಳಿ. ಅಂಗೈ ಕೆಳಗೆ ಇನ್ನೊಂದು ಹಾಳೆ ಇಟ್ಟು ಮೇಲಿನ ಎಡಮೂಲೆಯಿಂದ ಕೆಳಗೆ ಬನ್ನಿ. ಮುಖವಾಡದ ಜಾಗ ಖಾಲಿ ಬಿಟ್ಟು, ಕೊನೆಗೆ ಚಾಕ್‌ನ ತುದಿ ನೀರಿಗೆ ಅದ್ದಿ, ಕಣ್ಣಿನ ಎರಡು ತೂತು ಮತ್ತು ಬಾಯಿಯ ಗೆರೆ ಮಾತ್ರ ಒಂದೇ ಸಲಕ್ಕೆ ಹಾಕಿ.