ಸಿಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಗುಳಿಗೆ ಬಗ್ಗೆ ಡಾಕ್ಟರರನ್ನು ಕೇಳಿ: ಹುಬ್ಬಳ್ಳಿ-ಧಾರವಾಡ ಗುಂಪು

ಗದಗ ಸದಸ್ಯೆ: ಡಾಕ್ಟರೇ, ಇಮ್ಯಾಟಿನಿಬ್ ಗುಳಿಗೆ ಊಟಕ್ಕೆ ಮುಂಚೆಯೋ, ಆಮೇಲೋ?

ಡಾಕ್ಟರ್: ಊಟದ ಜೊತೆ ಅಕ್ಕಾರೆ. ದೊಡ್ಡ ಲೋಟ ನೀರು ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ.

ನವಲಗುಂದ ಸದಸ್ಯ: ಸರ್, ನಮ್ಮಪ್ಪನಿಗೆ ಸಿಎಂಎಲ್. ದಿನಾ 400 ಮಿ.ಗ್ರಾಂ. ರಕ್ತದಲ್ಲಿ ಕಾಯಿಲೆ ಎಷ್ಟಿದೆ ಅಂತ ನೋಡುವ ಪಿಸಿಆರ್ ಪರೀಕ್ಷೆಯಲ್ಲಿ 0.08 ಇತ್ತು, ಈಗ 1.2 ಬಂದಿದೆ. ಕಣ್ಣು ಬಾಯುತ್ತವೆ, ರಾತ್ರಿ ಮೀನಖಂಡ ಹಿಡಿಯುತ್ತದೆ ಅಂತ ಎರಡು ತಿಂಗಳಿಂದ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ಬಂದ ಗೋಧಿಹುಲ್ಲಿನ ರಸ.

ಡಾಕ್ಟರ್: ತಮ್ಮಾ, ಇದು ನನಗೆ ಚಿಂತೆ ಹಚ್ಚಿದೆ. ಬಿಡಿಸಿ ಹೇಳುತ್ತೇನೆ, ಅಪ್ಪನಿಗೂ ಓದಿ ಹೇಳು. ಎಬಿಎಲ್ ಅನ್ನುವ ಕೈನೇಸ್, ಅಂದರೆ ಸುದ್ದಿ ಮುಟ್ಟಿಸುವ ಪ್ರೋಟೀನು, ನಮ್ಮೆಲ್ಲರ ಜೀವಕೋಶದಲ್ಲೂ ಇದೆ. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯಿಂದ ಒಂದು ಫಾಸ್ಫೇಟ್ ತೆಗೆದು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಂಟಿಸಿತು ಅಂದರೆ ಸುದ್ದಿ ಮುಟ್ಟಿತು. ಆಮೇಲೆ ಅದು ಸುಮ್ಮನಾಗಬೇಕು. ಅಪ್ಪನ ರಕ್ತದಲ್ಲಿ 9ನೇ ಕ್ರೋಮೋಸೋಮಿನ ತುಂಡು 22ನೆಯದಕ್ಕೆ ಕೂಡಿಕೊಂಡು ಬಿಸಿಆರ್-ಎಬಿಎಲ್ ಅನ್ನುವ, ಸುಮ್ಮನಾಗದ ಕೈನೇಸ್ ಆಗಿದೆ. ಹೊಲದ ಪಂಪಿನ ಸ್ಟಾರ್ಟರ್ ಬಟನ್ ಒಳಗೇ ಸಿಕ್ಕಿಬಿದ್ದ ಹಾಗೆ. ‘ಒಡೆದು ಎರಡಾಗು’ ಅನ್ನುವ ಸುದ್ದಿ ಹಗಲು-ರಾತ್ರಿ ಹೋಗುತ್ತಲೇ ಇರುತ್ತದೆ, ಬಿಳಿ ರಕ್ತಕಣ ಏರುತ್ತವೆ. ಎಟಿಪಿ ಕೂರುವ ಸಂದಿಯಲ್ಲೇ ಇಮ್ಯಾಟಿನಿಬ್ ಹೋಗಿ ಕೂತು ಅದನ್ನು ತಡೆಯುತ್ತದೆ. ಆದರೆ ಸುಮಾರು 18 ತಾಸಿಗೆ ರಕ್ತದಲ್ಲಿ ಔಷಧ ಅರ್ಧ ಆಗುತ್ತದೆ. ಮರುದಿನ ನುಂಗದಿದ್ದರೆ ಸಂದಿ ತೆರವಾಗುತ್ತದೆ. ಪಿಸಿಆರ್ 0.1ರ ಕೆಳಗೇ ಉಳಿಯಬೇಕಿತ್ತು. ಬಿಸಿಆರ್-ಎಬಿಎಲ್‌ನಲ್ಲಿ ಟಿ315ಐ ಅನ್ನುವ ಬದಲಾವಣೆ ಆಗಿದೆಯೋ ನೋಡಬೇಕು. ಆಗಿದ್ದರೆ ಈ ಗುಳಿಗೆ ಆ ಸಂದಿಯಲ್ಲಿ ಕೂರುವುದೇ ಇಲ್ಲ. ಇವತ್ತಿನಿಂದಲೇ ದಿನಾ 400. ತಪ್ಪಿದ್ದಕ್ಕೆ ಎರಡೆರಡು ಕೊಡಬೇಡ. ಕಣ್ಣು ಬಾಯುವುದಕ್ಕೆ, ಸೆಳೆತಕ್ಕೆ ಬೇರೆ ದಾರಿ ಇದೆ. ರಸ ನಿಲ್ಲಿಸು. ಅದನ್ನು ಫಾರ್ವರ್ಡ್ ಮಾಡಿದವರು ಅಪ್ಪನ ಪಿಸಿಆರ್ ನೋಡಿಲ್ಲ.

ಹಾವೇರಿ ಸದಸ್ಯ: ಕಡಿಮೆ ರೇಟಿನ ಗುಳಿಗೆ ನುಂಗಿದರೆ ಹೀಗೇ ಆಗುವುದು.

ಹುಬ್ಬಳ್ಳಿ ಸದಸ್ಯ: ಏನ್ರೀ ಹಾಗಂದರೆ? ನಾನು ಹನ್ನೊಂದು ವರ್ಷದಿಂದ ಅದನ್ನೇ ನುಂಗುತ್ತಿದ್ದೇನೆ. 2013ರಲ್ಲಿ ಸುಪ್ರೀಂ ಕೋರ್ಟ್ ಗ್ಲಿವೆಕ್‌ಗೆ, ಅಂದರೆ ದುಬಾರಿ ಬ್ರ್ಯಾಂಡಿನ ಇಮ್ಯಾಟಿನಿಬ್‌ಗೆ, ಪೇಟೆಂಟ್ ಕೊಡಲಿಲ್ಲ. ಅದಕ್ಕೇ ನಮ್ಮಂಥವರಿಗೆ ಗುಳಿಗೆ ಕೈಗೆಟಕುತ್ತಿದೆ.

ಹಾವೇರಿ ಸದಸ್ಯ: ನಿಮ್ಮನ್ನು ಯಾರು ಕೇಳಿದರು?

ಹುಬ್ಬಳ್ಳಿ ಸದಸ್ಯ: ಬಡವರನ್ನು ಹೆದರಿಸಿದರೆ ಕೇಳದೇ ಇದ್ದರೂ ಹೇಳುತ್ತೇನೆ.

ರಾಣೆಬೆನ್ನೂರು ಸದಸ್ಯೆ: ಇದು ಮಕ್ಕಳಿಗೂ ಬರುತ್ತದಾ ಸರ್?

ಲಕ್ಷ್ಮೇಶ್ವರ ಸದಸ್ಯ: ಗುಳಿಗೆ ಊಟಕ್ಕೆ ಮುಂಚೆನಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಕುಂದಗೋಳ ಸದಸ್ಯ: ಫಾರ್ವರ್ಡ್ ಬಂದಿದೆ, ಪಪ್ಪಾಯ ಎಲೆ ರಸ 21 ದಿನ, ರಕ್ತದ ಕ್ಯಾನ್ಸರ್ ಮಾಯ.

ಡಾಕ್ಟರ್: ಈಗಲೇ ಅಳಿಸಿ. ಮೇಲೆ ಒಂದು ಮನೆಯ ಕಥೆ ಓದಿಯೂ ಇದನ್ನು ಹಾಕುತ್ತೀರಲ್ಲ!

ಕುಂದಗೋಳ ಸದಸ್ಯ: ಒಳ್ಳೆಯದಕ್ಕೇ ಹಾಕಿದೆ. ಸಿಟ್ಟೇಕೆ?

ನವಲಗುಂದ ಸದಸ್ಯ: ಡಾಕ್ಟರೇ, ಅಪ್ಪನ ಟ್ರಂಕು ತೆಗೆದು ನೋಡಿದೆ. ಧೋತರದ ಮಡಿಕೆಯಲ್ಲಿ 47 ಗುಳಿಗೆ ಇವೆ. ದಿನ ಬಿಟ್ಟು ದಿನ ನುಂಗಿದ್ದರೆ 30 ಉಳಿಯಬೇಕಿತ್ತು ಅಲ್ವಾ?

ಡಾಕ್ಟರ್: ಹೌದು. ಅಪ್ಪನಿಗೆ ಬೈಯಬೇಡ. ರೊಟ್ಟಿ ಉಂಡ ಕೂಡಲೇ ಒಂದು ನುಂಗಿಸು. ನಾಳೆ ಬೆಳಿಗ್ಗೆ ಫೈಲು, ಆ ಗುಳಿಗೆ ಎರಡನ್ನೂ ತಗೊಂಡು ಅಪ್ಪನನ್ನು ಕರೆದುಕೊಂಡು ಬಾ.