ಜರ್ಮನಿಯಲ್ಲಿ ಮೊದಲ ಬೇಸಿಗೆ ರಜೆ: ಊರಿಗೆ ಬರಲಾ, ಇಲ್ಲೇ ಕೆಲಸ ಹಿಡಿಯಲಾ?

ದುರ್ಗದಹುಡುಗಿ
14 ಜೂನ್ 2025

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವಳು. ಮೆದೇಹಳ್ಳಿ ರಸ್ತೆ ಕಡೆ ನಮ್ಮ ಮನೆ. ಕಳೆದ ಅಕ್ಟೋಬರ್‌ನಿಂದ ಜರ್ಮನಿಯ ಡೆಗೆನ್‌ಡೋರ್ಫ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಜುಲೈ ಕೊನೆಗೆ ಪರೀಕ್ಷೆ ಮುಗಿಯುತ್ತದೆ. ಆಮೇಲೆ ಸೆಪ್ಟೆಂಬರ್ ಕೊನೆವರೆಗೂ ಪಾಠ ಇಲ್ಲ.

ಅವ್ವಂದು ಫೋನಲ್ಲಿ ದಿನಾ ಒಂದೇ ಮಾತು, ಗಣಪತಿ ಹಬ್ಬಕ್ಕೆ ಬಂದುಬಿಡು ಅಂತ. ಹೋಗಿ ಬರೋಕೆ ಟಿಕೆಟ್ 75 ಸಾವಿರದ ಹತ್ತಿರ ಇದೆ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಮತ್ತೆ ಅವರನ್ನು ಕೇಳೋಕೆ ಮನಸ್ಸು ಬರುತ್ತಿಲ್ಲ. ಇಲ್ಲಿ ಗೆಳತಿಯರು ಒಂದಷ್ಟು ದಿನ ದುಡಿದು, ಉಳಿದ ದಿನ ಸುತ್ತೋಣ ಅನ್ನುತ್ತಿದ್ದಾರೆ.

ಹೀಗೆ ಒಂದು ಬೇಸಿಗೆ ಕಳೆದವರು ನಮ್ಮ ಕಡೆಯವರು ಯಾರಾದರೂ ಇದ್ದೀರಾ? ದುಡ್ಡು ಎಷ್ಟು ಸಿಕ್ಕಿತು ಅನ್ನೋದು ಆಮೇಲೆ. ಈಗ ನೆನೆಸಿಕೊಂಡರೆ ಉಳಿದದ್ದು ಒಳ್ಳೆಯದಾಯಿತು ಅನ್ನಿಸುತ್ತಾ? ಅದನ್ನು ಹೇಳಿ.

ಜಗಳೂರಿನವ
15 ಜೂನ್ 2025

ತಂಗಿ, ನಾನು 2022ರ ಬೇಸಿಗೆ ಪೂರ್ತಿ ಅಲ್ಲೇ ಉಳಿದವನು. ಜಗಳೂರು ಕಡೆ ಹಳ್ಳಿ ನಮ್ಮದು. ಇಂಜಿನಿಯರಿಂಗ್ ಓದಿದ್ದು ದಾವಣಗೆರೆಯಲ್ಲಿ, ಆಮೇಲೆ ಇಂಗೋಲ್‌ಸ್ಟಾಟ್‌ನಲ್ಲಿ. ಈಗ ಹರಿಹರದ ಹತ್ತಿರ ಕೆಲಸದಲ್ಲಿದ್ದೇನೆ. ಒಳ್ಳೆಯದಾಯಿತಾ ಅಂದರೆ, ಹೌದು. ಆದರೆ ಒಂದು ಕಳೆದುಕೊಂಡೆ, ಅದನ್ನೂ ಹೇಳುತ್ತೇನೆ.

ಮೊದಲು ಸುತ್ತಾಟ. ಆ ವರ್ಷ ಜೂನ್, ಜುಲೈ, ಆಗಸ್ಟ್‌ನಲ್ಲಿ ಅಲ್ಲಿ 9 ಯೂರೋ ಟಿಕೆಟ್ ಇತ್ತು. ತಿಂಗಳಿಗೆ 9 ಯೂರೋ ಕೊಟ್ಟರೆ ದೇಶದ ಯಾವ ಊರಿನಲ್ಲೂ ಬಸ್ಸು, ಟ್ರಾಮು, ಮೆಟ್ರೋ, ನಿಧಾನದ ರೈಲು ಎಲ್ಲಾ ಹತ್ತಬಹುದಿತ್ತು. ಐಸಿಇ ತರದ ವೇಗದ ರೈಲಿಗೆ ಮಾತ್ರ ನಡೆಯುತ್ತಿರಲಿಲ್ಲ. ರೈಲುಗಳು ಜಾತ್ರೆ ಬಸ್ಸಿನ ಹಾಗೆ ತುಂಬಿರುತ್ತಿದ್ದವು. ಉಲ್ಮ್‌ನ ಚರ್ಚಿನ ಗೋಪುರ 161 ಮೀಟರ್, ಮೇಲೆ ಹೋಗೋಕೆ 768 ಮೆಟ್ಟಿಲು. ಕೋಟೆ ಹತ್ತಿ ಬೆಳೆದ ನಿಮಗೆ ಅದು ಕಷ್ಟ ಆಗಲ್ಲ. ಲಿಂಡೌ ಅಂತ ಒಂದು ಊರಿದೆ, ಕೆರೆಯೊಳಗಿನ ದ್ವೀಪ. ಕೆರೆ ಅಂದರೆ ಸಮುದ್ರದ ಹಾಗೆ ಕಾಣುವ ಕೆರೆ. ದಡದಲ್ಲಿ ಕಲ್ಲಿನ ಸಿಂಹ ಕೂತಿದೆ. ಆಚೆ ದಡದಲ್ಲಿ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಬೆಟ್ಟಗಳು. ಊರಿಂದ ಒಯ್ದಿದ್ದ ಮಂಡಕ್ಕಿಗೆ ಶೇಂಗಾ ಚಟ್ನಿಪುಡಿ ಕಲಸಿಕೊಂಡು ಅಲ್ಲೇ ಕೂತು ತಿಂದೆ. ಈಗ 9 ಯೂರೋ ಟಿಕೆಟ್ ಇಲ್ಲ, 2025ಕ್ಕೆ ತಿಂಗಳಿಗೆ 58 ಯೂರೋದ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದೆ. ಆದರೂ ವಿಮಾನದ ಟಿಕೆಟ್ ಮುಂದೆ ಅದು ಏನೂ ಅಲ್ಲ, ಅಲ್ವಾ?

ಇನ್ನು ಕೆಲಸ. ನನ್ನ ಸಹಪಾಠಿಯ ಮನೆ ಓನರಮ್ಮನ ತಮ್ಮ ರೈತ. ಹಾಲರ್‌ಟೌ ಅನ್ನುವ ಸೀಮೆ, ವೋಲ್ನ್‌ಸಾಖ್ ಹತ್ತಿರ. ಬಿಯರಿಗೆ ಹಾಕುವ ಹಾಪ್ಸ್ ಬೆಳೆಯುವ ಜಾಗ. ಆಗಸ್ಟ್ ಕೊನೆ ವಾರದಿಂದ ಮೂರು ವಾರ ಕೊಯ್ಲು. ನಮ್ಮ ವೀಳ್ಯದೆಲೆ ತೋಟವನ್ನು ನೆನೆಸಿಕೊಳ್ಳಿ. ಕಂಬ ನೆಟ್ಟು ತಂತಿ ಕಟ್ಟಿರುತ್ತಾರೆ, ಬಳ್ಳಿ 7 ಮೀಟರ್ ಎತ್ತರಕ್ಕೆ ಏರಿರುತ್ತದೆ. ಸಾಲಿನ ನಡುವೆ ನಿಂತರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಟ್ರ್ಯಾಕ್ಟರ್ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಮೇಲಿಂದ ಕಿತ್ತು ಟ್ರೇಲರಿಗೆ ತುಂಬುತ್ತದೆ. ಶೆಡ್ಡಿನಲ್ಲಿ ಆ ಬಳ್ಳಿಗಳನ್ನು ಒಂದೊಂದಾಗಿ ಬಿಡಿಸುವ ಯಂತ್ರದ ಕೊಕ್ಕೆಗೆ ಸಿಕ್ಕಿಸೋದು ನನ್ನ ಕೆಲಸ. ದಿನಕ್ಕೆ 10 ಗಂಟೆ. ಜೊತೆಗಿದ್ದವರು ಪೋಲೆಂಡ್, ರೊಮೇನಿಯಾದವರು, ಹದಿನೈದು ಇಪ್ಪತ್ತು ವರ್ಷದಿಂದ ಅದೇ ತೋಟಕ್ಕೆ ಬರುತ್ತಿರುವವರು. ಕೆಲಸ ಕಲಿಸಿದ್ದು ಅವರೇ. ಬಳ್ಳಿಯ ಮೇಲೆ ಸಣ್ಣ ಮುಳ್ಳಿನಂಥ ಕೂದಲು ಇರುತ್ತದೆ. ಮೊದಲ ದಿನ ಅರ್ಧ ತೋಳಿನ ಅಂಗಿ ಹಾಕಿದ್ದೆ, ಸಂಜೆಗೆ ಕೈಯೆಲ್ಲಾ ಗೀರು.

ನಾನು ಮಾಂಸ ತಿನ್ನೋದಿಲ್ಲ. ರೈತನ ತಾಯಿಗೆ ಎಂಬತ್ತು ದಾಟಿತ್ತು. ಗೊತ್ತಾದ ಮರುದಿನದಿಂದ ಆ ಅಜ್ಜಿ ನನಗೆ ಅಂತ ಆಲೂಗಡ್ಡೆ ಉಂಡೆಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆಣ್ಣೆ ಹಾಕಿ ಕೊಡುತ್ತಿತ್ತು. ಅಜ್ಜಿಯ ಮಾತು ಶುದ್ಧ ಬವೇರಿಯಾದ ಹಳ್ಳಿ ಭಾಷೆ. ತರಗತಿಯಲ್ಲಿ ಕಲಿತ ಜರ್ಮನ್ ಅಲ್ಲಿ ನಡೆಯಲಿಲ್ಲ. ಆದರೆ ಮೂರು ವಾರದಲ್ಲಿ ನನ್ನ ಬಾಯಿ ಬಿಟ್ಟಿತು. ಇಂಗೋಲ್‌ಸ್ಟಾಟ್‌ನಲ್ಲಿ ಒಂದು ವರ್ಷ ನಮ್ಮವರ ಜೊತೆಗೇ ಇದ್ದೆ, ಅಲ್ಲಿ ಆಗದ್ದು ಆ ತೋಟದಲ್ಲಿ ಆಯಿತು.

ಹಾಪ್ಸ್ ಒಣಗಿಸೋದು ಸೂಕ್ಷ್ಮದ ಕೆಲಸ. ಜಾಸ್ತಿ ಒಣಗಿದರೆ ಪುಡಿಯಾಗುತ್ತದೆ, ಕಡಿಮೆ ಆದರೆ ಬೂಸ್ಟು. ಅಳೆಯೋಕೆ ಯಂತ್ರ ಇದ್ದರೂ ಆ ರೈತ ಒಂದು ಹೂವು ಬಿಡಿಸಿ, ಒಳಗಿನ ಕಡ್ಡಿಯನ್ನು ಬೆರಳಲ್ಲಿ ಮಡಚುತ್ತಿದ್ದರು. ಮುರಿದರೆ ಆಯಿತು, ಬಾಗಿದರೆ ಇನ್ನೂ ಹಸಿ. ನಮ್ಮಪ್ಪ ಮೆಕ್ಕೆಜೋಳ ಮಾರುಕಟ್ಟೆಗೆ ಒಯ್ಯುವ ಮುಂಚೆ ಕಾಳನ್ನು ಹಲ್ಲಲ್ಲಿ ಕಡಿದು ನೋಡುತ್ತಾರೆ. ಟಕ್ ಅಂದರೆ ಒಣಗಿದೆ ಅಂತ. ಒಂದು ಸಂಜೆ ವಿಡಿಯೋ ಕಾಲ್ ಮಾಡಿ ಇಬ್ಬರನ್ನೂ ಎದುರಾಬದುರು ಕೂರಿಸಿದೆ. ಅಪ್ಪ ಒಂದು ಹಿಡಿ ಜೋಳ ತಂದು ಫೋನಿನ ಮುಂದೆ ಕಡಿದು ತೋರಿಸಿದರು. ಅವರು ಕಡ್ಡಿ ಮುರಿದು ತೋರಿಸಿದರು. ನಾನು ಮಧ್ಯ ಮಾತು ತಿರುಗಿಸಿ ಹೇಳೋದೇ ಬೇಕಾಗಲಿಲ್ಲ.

ಆ ವರ್ಷ ಅಲ್ಲಿ ಬರ. ಮಳೆ ಕೈಕೊಟ್ಟು, ಬಿಸಿಲಿಗೆ ಹಾಪ್ಸ್ ಇಳುವರಿ ಬಿದ್ದುಹೋಗಿತ್ತು. ರೈತ ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಮೊದಲು ಮೋಡ ನೋಡುತ್ತಿದ್ದರು. ನಮ್ಮ ಊರಲ್ಲಿ ಎಷ್ಟು ಸಲ ನೋಡಿದ್ದೆ ಆ ನೋಟ. ಅದೇ ಹೊತ್ತಿಗೆ ಇಲ್ಲಿ ಮಳೆಯೋ ಮಳೆ. ಆಗಸ್ಟ್ 31ಕ್ಕೆ ಗಣಪತಿ ಹಬ್ಬ. ಅದಾದ ಒಂದೆರಡು ದಿನಕ್ಕೆ ನಮ್ಮ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. 1933 ಆದಮೇಲೆ ಅದೇ ಮೊದಲು, 89 ವರ್ಷ. ನಮ್ಮ ಹಳ್ಳಿಯವರೆಲ್ಲಾ ಟೆಂಪೋ ಮಾಡಿಕೊಂಡು ಹಿರಿಯೂರಿಗೆ ಹೋದರು. ಅಜ್ಜನನ್ನು ಎತ್ತಿ ಕೂರಿಸಿಕೊಂಡು ಹೋದರಂತೆ. ಅಪ್ಪ ವಿಡಿಯೋ ಕಳಿಸಿದರು. ಊಟದ ಬಿಡುವಿನಲ್ಲಿ ಟ್ರೇಲರ್ ಪಕ್ಕ ನಿಂತು ನೋಡಿದೆ, ಕಣ್ಣು ತುಂಬಿ ಬಂತು. ರೈತನಿಗೂ ತೋರಿಸಿದೆ. ಎಷ್ಟು ವರ್ಷಕ್ಕೆ ಅಂತ ಕೇಳಿದರು. 89 ಅಂದೆ. ಅವರು ಇನ್ನೊಂದು ಸಲ ಹಾಕು ಅಂದು, ಪೂರ್ತಿ ನೋಡಿದರು.

ನಾನು ಕಳೆದುಕೊಂಡದ್ದು ಅದನ್ನೇ. ಅಜ್ಜನ ಪಕ್ಕ ನಿಂತು ಆ ನೀರು ನೋಡಬೇಕಿತ್ತು.

ದುಡ್ಡಿನ ವಿಷಯ ಚುಟುಕಾಗಿ: ಆಗ ಕನಿಷ್ಠ ಕೂಲಿ ಗಂಟೆಗೆ 10.45 ಯೂರೋ, 2025ರಲ್ಲಿ 12.82. ಊಟ, ರೂಮಿಗೆ ಹಿಡಿದು ನನ್ನ ಕೈಗೆ 1,700 ಯೂರೋ ಬಂತು. ಆಗ ಬ್ಲಾಕ್ಡ್ ಅಕೌಂಟಿನಿಂದ (ವೀಸಾಕ್ಕೆ ಅಂತ ಮೊದಲೇ ದುಡ್ಡು ಇಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆ) ತಿಂಗಳಿಗೆ ಸಿಗುತ್ತಿದ್ದದ್ದು 861, ಅಂದರೆ ಎರಡು ತಿಂಗಳ ಖರ್ಚು.

ಬೆಣ್ಣೆನಗರಿ
15 ಜೂನ್ 2025

ನಾನು ದಾವಣಗೆರೆಯವಳು, 2023ರಲ್ಲಿ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ ಮಾಡಿದೆ. ಸುತ್ತಾಟದ ಬಗ್ಗೆ ಅಣ್ಣ ಬರೆದಿದ್ದಾರೆ, ನಾನು ಒಂದೇ ವಿಷಯ ಹೇಳುತ್ತೇನೆ. ದಿನಗಳ ಲೆಕ್ಕವನ್ನು ನೀವೇ ಡೈರಿಯಲ್ಲಿ ಬರೆದಿಡಿ.

ಆಗ ವಿದ್ಯಾರ್ಥಿಗೆ ವರ್ಷಕ್ಕೆ 120 ಪೂರ್ತಿ ದಿನ ಅಥವಾ 240 ಅರ್ಧ ದಿನ ದುಡಿಯೋಕೆ ಅವಕಾಶ ಇತ್ತು. 2024ರ ಮಾರ್ಚ್‌ನಿಂದ ಅದು 140 ಮತ್ತು 280 ಆಗಿದೆ. ಅರ್ಧ ದಿನ ಅಂದರೆ 4 ಗಂಟೆವರೆಗೆ ಮಾತ್ರ. ನನ್ನ ಪಾಳಿ 5 ಗಂಟೆ. ಅದನ್ನೂ ಅರ್ಧ ದಿನ ಅಂದುಕೊಂಡಿದ್ದೆ. ಅಕ್ಟೋಬರ್‌ನಲ್ಲಿ ಕೂತು ಎಣಿಸಿದರೆ ಇಡೀ ವರ್ಷಕ್ಕೆ 11 ದಿನ ಉಳಿದಿತ್ತು. ಎರಡು ತಿಂಗಳು ಕೆಲಸ ಇಲ್ಲದೆ ಬಾಡಿಗೆ ಕಟ್ಟೋದು ತುಂಬಾ ಕಷ್ಟ ಆಯಿತು. ವಿಶ್ವವಿದ್ಯಾಲಯದ ಒಳಗೆ ಪ್ರೊಫೆಸರ್‌ಗೆ ಸಹಾಯಕಿಯಾಗಿ ಮಾಡುವ ಕೆಲಸ ಈ ಲೆಕ್ಕಕ್ಕೆ ಬರಲ್ಲ. ಸ್ವಂತ ಬಿಲ್ ಹಾಕಿ ಮಾಡುವ ಕೆಲಸಕ್ಕೆ ಪರವಾನಗಿ ಇಲ್ಲದೆ ಒಪ್ಪಿಕೊಳ್ಳಬೇಡಿ. ಸಂಬಳದಲ್ಲಿ ತೆರಿಗೆ ಹಿಡಿದಿದ್ದರೆ ಮುಂದಿನ ವರ್ಷ ತೆರಿಗೆ ಇಲಾಖೆಯ ವೆಬ್‌ಸೈಟ್ ಆದ ಎಲ್‌ಸ್ಟರ್‌ನಲ್ಲಿ ರಿಟರ್ನ್ ಹಾಕಿ. ನನಗೆ ಪೂರ್ತಿ ವಾಪಸ್ ಬಂತು.

ಮಗನತಾಯಿ
16 ಜೂನ್ 2025

ನಾನು ಓದೋಕೆ ಹೋದವಳಲ್ಲ, ಕಳಿಸಿದವಳು. ನಮ್ಮದೂ ದಾವಣಗೆರೆನೇ. ಮಗ ಎರಡು ಬೇಸಿಗೆ ಬರಲಿಲ್ಲ. ಫೋನ್ ಮಾಡಿದಾಗೆಲ್ಲಾ ಚೆನ್ನಾಗಿದೀನಿ ಅಮ್ಮ ಅಂದು ಇಟ್ಟುಬಿಡುತ್ತಿದ್ದ. ಆ ಒಂದು ಮಾತಿಗೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಒಂದಿನ ಅವನು ಕೆಲಸ ಮಾಡುವ ಅಡುಗೆಮನೆ ತೋರಿಸಿದ. ಪಾತ್ರೆ ತೊಳೆಯುವ ಜಾಗ, ಜೊತೆಯವರು, ಊಟದ ತಟ್ಟೆ ಎಲ್ಲಾ. ಅವತ್ತಿಂದ ಸಮಾಧಾನ ಆಯಿತು.

ನಿಮ್ಮ ಅವ್ವನಿಗೆ ಬರಲ್ಲ ಅಂತ ಸುಮ್ನೆ ಹೇಳಬೇಡಮ್ಮ. ಎಲ್ಲಿರುತ್ತೀಯಾ, ಏನು ತಿನ್ನುತ್ತೀಯಾ, ಯಾರ ಜೊತೆ, ಎಲ್ಲಾ ತೋರಿಸು. ಯಾವಾಗ ಬರುತ್ತೀಯಾ ಅಂತ ಒಂದು ತಾರೀಕೂ ಹೇಳು.

ದುರ್ಗದಹುಡುಗಿ
16 ಜೂನ್ 2025

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮಾ, ನಿಮ್ಮ ಮಾತು ಓದಿ ತಕ್ಷಣ ಮನೆಗೆ ಫೋನ್ ಮಾಡಿದೆ. ಈ ಸಲ ಇಲ್ಲೇ ಇದ್ದು ಫೆಬ್ರವರಿ ರಜೆಗೆ ಬರುತ್ತೇನೆ ಅಂದೆ. ಅವ್ವ ಸ್ವಲ್ಪ ಅತ್ತರು, ಆಮೇಲೆ ಒಪ್ಪಿದರು.

ಜಗಳೂರಿನ ಅಣ್ಣಾ, ಆ ಕೊಯ್ಲಿಗೆ ಹೆಣ್ಣುಮಕ್ಕಳನ್ನು ತಗೊಳ್ಳುತ್ತಾರಾ? ಎಲ್ಲಿ ಕೇಳಬೇಕು?

ಜಗಳೂರಿನವ
16 ಜೂನ್ 2025

ತಗೊಳ್ಳುತ್ತಾರೆ ತಂಗಿ. ನಮ್ಮ ಶೆಡ್ಡಿನಲ್ಲಿ ಎಲೆ, ಕಡ್ಡಿ ಆರಿಸುವ ಬೆಲ್ಟಿನ ಹತ್ತಿರ ನಾಲ್ಕು ಜನ ಹೆಂಗಸರಿದ್ದರು, ಅವರಿಗೆ ಬೇರೆ ರೂಮು ಇತ್ತು. ಈ ಮೇಲ್ ಬರೆದು ಕಾಯಬೇಡಿ, ರೈತರು ಅದನ್ನು ನೋಡೋದು ಕಡಿಮೆ. ಜುಲೈ ಮೊದಲ ವಾರದಲ್ಲೇ ಫೋನ್ ಮಾಡಿ, ಜರ್ಮನ್‌ನಲ್ಲೇ ಮಾತಾಡಿ, ತಪ್ಪಾದರೂ ಪರವಾಗಿಲ್ಲ. ಸಾಧ್ಯವಾದರೆ ಗೆಳತಿಯ ಜೊತೆ ಒಂದು ಭಾನುವಾರ ಹೋಗಿ ಜಾಗ, ರೂಮು ನೋಡಿ ಬನ್ನಿ. ಊಟ, ವಸತಿಗೆ ದಿನಕ್ಕೆ ಎಷ್ಟು ಹಿಡಿಯುತ್ತಾರೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. 2025ರ ನಿಯಮದ ಪ್ರಕಾರ ವರ್ಷಕ್ಕೆ 70 ದಿನದೊಳಗಿನ ಅಲ್ಪಾವಧಿ ಕೆಲಸ ಅಂತ ಬರೆದರೆ ಪಿಂಚಣಿಗೆ ದುಡ್ಡು ಹಿಡಿಯುವುದಿಲ್ಲ.

ಉದ್ದ ತೋಳಿನ ಹಳೇ ಅಂಗಿ ಎರಡು ಇಟ್ಟುಕೊಳ್ಳಿ. ಹಾಪ್ಸ್‌ನ ಅಂಟು ಕೈಗೆ ಕಪ್ಪಾಗಿ ಹಿಡಿಯುತ್ತದೆ, ಸೋಪಿಗೆ ಹೋಗಲ್ಲ. ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು ಹಾಕಿ. ಅದನ್ನು ನನಗೆ ಹೇಳಿಕೊಟ್ಟದ್ದು ಆ ಅಜ್ಜಿ.